ಅಟ್ಟದ ನಡುಗೋಡೆ

ಮದ್ದೂರು ಮಳವಳ್ಳಿಗಳ ನಡುವಣ ಒಂದು ಗ್ರಾಮದಲ್ಲಿ ನಮ್ಮ ಹಿರಿಯರ ತೊಟ್ಟಿಮನೆಯಿದೆ. ಕೆಲವು ವರ್ಷಗಳ ಹಿಂದೆ ಅದರ ದುರಸ್ತಿಗೆ ಕೈಹಾಕಿದಾಗ ನನಗಿದ್ದ ಉದ್ದೇಶ ಸರಳವಾದದ್ದು. ಅಟ್ಟದಲ್ಲಿದ್ದ ಎರಡು ನಡುಗೋಡೆಗಳನ್ನು ತೆಗೆಸಿ, ಪುಸ್ತಕಗಳಿಗೆ ಒಂದೇ ವಿಶಾಲವಾದ ಕೋಣೆ ಮಾಡಿಕೊಳ್ಳಬೇಕೆಂದಿದ್ದೆ. ಮೇಸ್ತ್ರಿ ಗೋಡೆಗಳನ್ನು ತಟ್ಟಿ ನೋಡಿ, "ಇವು ಏನನ್ನೂ ಹೊತ್ತಿಲ್ಲ ಸ್ವಾಮಿ. ಮನೆ ಕಟ್ಟಿದಾಗಿನವಲ್ಲ, ಆಮ್ಯಾಕೆ ಎತ್ಸಿರೋವು" ಎಂದರು. ಮಾತು ನಿಜವಾಗಿತ್ತು. ಹೊರಗೋಡೆಗಳು ದಪ್ಪನೆಯ ಮಣ್ಣಿನವು. ನಡುಗೋಡೆಗಳು ಹಸಿ ಇಟ್ಟಿಗೆಯವು. ಅವು ಕೂಡುವ ಕಡೆ ಒಂದರೊಳಗೊಂದು ಹೆಣೆದಿರಲಿಲ್ಲ. ಸಂದಿನಲ್ಲಿ ಬೆರಳು ತೂರುತ್ತಿತ್ತು.

ಆಮೇಲೆ ಎದ್ದ ಈ ಗೋಡೆಗಳು ಎದ್ದದ್ದಾದರೂ ಏಕೆ? ಉತ್ತರ ಮಂಡ್ಯ ಸೀಮೆಯ ಚರಿತ್ರೆಯಲ್ಲಿದೆ. 1930ರ ದಶಕದ ಆರಂಭದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಈ ಕಡೆಗೆ ಹರಿದು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ರಾಗಿಯ ಹೊಲಗಳು ಬತ್ತ, ಕಬ್ಬುಗಳ ಗದ್ದೆಗಳಾದವು. ನೆಲಕ್ಕೆ ಬೆಲೆ ಬಂದಂತೆ ಪಾಲಿನ ಮಾತೂ ಬಂತು. ಹಗೇವಿನಲ್ಲಿದ್ದ ರಾಗಿ ಯಾರದೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಟ್ಟಕ್ಕೇರಿದ ಬತ್ತಕ್ಕೆ ಗೋಡೆ ಬೇಕಾಯಿತು.

ಅದೇ 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದಿತು. ಸೋದರರು ಪಾಲಾಗುವಾಗ, ಗಂಡುಸಂತಾನವಿಲ್ಲದೆ ತೀರಿಕೊಂಡ ಸೋದರನ ವಿಧವೆಗೂ ಪಾಲುಂಟು. ಗಂಡ ಬದುಕಿದ್ದರೆ ಅವನಿಗೆ ಬರುತ್ತಿದ್ದುದರಲ್ಲಿ ಅರ್ಧ ಅವಳದು ಎಂದಿತು ಆ ಕಾಯಿದೆ. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾಯಿದೆ ಬಂದದ್ದು 1937ರಲ್ಲಿ.

ಕೆಲವೇ ವರ್ಷಗಳಲ್ಲಿ ನಮ್ಮ ಮನೆ ಪಾಲಾಯಿತು. ತಾತನವರು ಮೂವರು ಸೋದರರು. ಕಿರಿಯರು ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಅವರ ಪತ್ನಿ, ನಮ್ಮ ಚಿಕ್ಕಜ್ಜಿ, ಪಂಚಾಯಿತಿಯ ದಿನ ಬಾಗಿಲ ಮರೆಯಿಂದ ಕೇಳಿದ್ದು ಒಂದೇ ಮಾತಂತೆ: "ನನ್ ಬತ್ತ ಎಲ್ಲಿ ಸುರ್ಕೊಳ್ಳಲಿ?" ಐದು ಅಂಕಣದ ಅಟ್ಟದಲ್ಲಿ ಸೋದರರಿಗೆ ಎರಡೆರಡು, ಚಿಕ್ಕಜ್ಜಿಗೆ ಒಂದು ಎಂದು ತೀರ್ಮಾನವಾಯಿತು. ಕಾಯಿದೆಯ ಲೆಕ್ಕಕ್ಕೆ ಅವರದು ಒಂದು ಅಂಕಣಕ್ಕಿಂತ ತುಸು ಕಡಿಮೆಯೇ. ಆದರೆ ತೊಲೆಯಿಲ್ಲದೆಡೆ ಗೋಡೆ ಎಬ್ಬಿಸುವಂತಿಲ್ಲವಷ್ಟೆ! ಆ ಅಂಕಣದ ಬೀಗದ ಕೈ ಕೊನೆಯವರೆಗೂ ಅವರ ಸೊಂಟದಲ್ಲಿತ್ತು. ಮುಂದೆ ಇನ್ನೊಂದು ಕವಲಿನವರು ತಮ್ಮ ಭಾಗವನ್ನು ನಮ್ಮ ತಂದೆಗೆ ಬಿಟ್ಟುಕೊಟ್ಟು ಊರು ಬಿಟ್ಟರು. ಗೋಡೆಗಳು ಮಾತ್ರ ಉಳಿದವು.

ಸೋದರರ ನಡುವಣ ಗೋಡೆಯ ಭಾರಕ್ಕೆ ಕೆಳಗಿನ ತೊಲೆ ಬಾಗಿತ್ತು. ಅದನ್ನು ತೆಗೆಸಿದೆ. ಚಿಕ್ಕಜ್ಜಿಯ ಗೋಡೆ ಕೆಳಗಣ ಅಡುಗೆಮನೆಯ ಗೋಡೆಯ ನೇರಕ್ಕೇ ನಿಂತಿದ್ದುದರಿಂದ ಯಾವ ತೊಲೆಗೂ ಭಾರವಾಗಿರಲಿಲ್ಲ. ಅದನ್ನು ಉಳಿಸಿಕೊಂಡೆ. ಸಿಮೆಂಟು ಬಳಿದರೆ ಮಣ್ಣಿನ ತೇವ ಹೊರಬರಲಾಗದೆ ಗಿಲಾವು ಕಳಚುತ್ತದೆಂದು ಸುಣ್ಣದ ಗಾರೆಯನ್ನೇ ಹಾಕಿಸಿದೆ.

ಒಂದು ಮಾತನ್ನು ಮುಚ್ಚಿಡಬಾರದು. ಈ ಕೆಲಸಕ್ಕೆ ಮೊದಲೇ, ಮನೆಯಲ್ಲಿ ತನಗೆ ಹಕ್ಕಿಲ್ಲವೆಂದು ನನ್ನ ತಂಗಿಯಿಂದ ಬರೆಸಿಕೊಳ್ಳುವ ಪತ್ರವೊಂದನ್ನು ಸಿದ್ಧಪಡಿಸಿಟ್ಟಿದ್ದೆ. ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂದು 2005ರ ತಿದ್ದುಪಡಿ ದೇಶಕ್ಕೆಲ್ಲ ಸಾರಿರುವುದು ನನಗೆ ತಿಳಿಯದ್ದೇನಲ್ಲ. ಸಹಿ ಹಾಕುವುದು ನಮ್ಮ ಕಡೆ ರೂಢಿ. ರೂಢಿಯ ಮರೆಯಲ್ಲಿ ನಿಲ್ಲುವುದು ಸುಲಭ.

ಗಾರೆ ಒಣಗಿದ ಮೇಲೆ ತಂಗಿ ಅಟ್ಟ ಹತ್ತಿ ಬಂದು, "ಅಣ್ಣ, ಇದೊಂದು ಗೋಡೆ ಯಾಕೆ ಬಿಟ್ಟೆ?" ಎಂದಳು. ಚಿಕ್ಕಜ್ಜಿಯ ಕಥೆ ಹೇಳಿದೆ. ಪತ್ರದ ವಿಷಯವನ್ನೂ ಹೇಳಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಅಂದು ಸಹಿ ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ.