ಗುಳಿಗೆಯೋ ಸಲೈನೋ: ಒಂದು ಹಳೆಯ ಔಷಧಿಯ ಮರುಪ್ರವೇಶ

ವಾಳೂಜಿನ ಕಾರ್ಖಾನೆಗಳಲ್ಲಿ ಬೀದರ, ಕಲಬುರಗಿ ಕಡೆಯ ನಮ್ಮವರಿದ್ದಾರೆ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕುವುದು ಇಲ್ಲಿ ಚಹಾದಷ್ಟೇ ಸಾಮಾನ್ಯ. ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು, ಚಟ ಉಳಿಯಿತು. ಬಾಯಿಹುಣ್ಣನ್ನು ತಿಂಗಳುಗಟ್ಟಲೆ ಕಡೆಗಣಿಸಿ, ಕ್ಯಾನ್ಸರ್ ಮುಂದುವರಿದ ಮೇಲೆ ಆಸ್ಪತ್ರೆಗೆ ಹೋದವರ ಮನೆಯವರು ನನ್ನನ್ನೂ ಕೇಳಿದ್ದಾರೆ: ಯಾವ ಕಿಮೋ ಒಳ್ಳೆಯದು? ನಾನು ವೈದ್ಯನಲ್ಲ. ಆದರೆ ಈ ಪ್ರಶ್ನೆಯ ಇತಿಹಾಸವನ್ನು ಓದಿದ್ದೇನೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಮುಂಬೈಯಲ್ಲಿ.

ಕತೆ ಶುರುವಾಗುವುದು ಅಮೆರಿಕದಲ್ಲಿ. 1940ರ ದಶಕದ ಕೊನೆಯಲ್ಲಿ ಲೆಡರ್ಲೆ ಕಂಪನಿಯ ಪ್ರಯೋಗಾಲಯದಿಂದ ಮೆಥೊಟ್ರೆಕ್ಸೇಟ್ ಹೊರಬಂತು. ಆ ಸಂಶೋಧನೆಯ ಮುಖ್ಯಸ್ಥ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪ್ರಯೋಗ ಮಾಡುವಾಗ, ಪ್ಲಾಟಿನಂ ಸಂಯುಕ್ತಗಳು ಜೀವಕೋಶದ ವಿಭಜನೆ ತಡೆಯುತ್ತವೆಂದು ಗೊತ್ತಾಯಿತು. ಹಾಗೆ ಸಿಕ್ಕ ಸಿಸ್‌ಪ್ಲಾಟಿನ್‌ಗೆ 1978ರಲ್ಲಿ ಅಲ್ಲಿ ಪರವಾನಗಿ ದೊರೆತು, ತಲೆ-ಕುತ್ತಿಗೆ ಕ್ಯಾನ್ಸರಿಗೂ ಅದೇ ಮುಖ್ಯ ಔಷಧಿಯಾಯಿತು. 2008ರಲ್ಲಿ ಯುರೋಪಿನವರು ಕಿಮೋ ಜೊತೆ ಸೆಟಕ್ಸಿಮ್ಯಾಬ್ ಸೇರಿಸಿದಾಗ, ರೋಗಿಗಳ ಮಧ್ಯಮ ಬದುಕು 7.4 ತಿಂಗಳಿಂದ 10.1ಕ್ಕೆ ಏರಿತು. ಆದರೆ ಅದರ ಬೆಲೆ ನಮ್ಮ ಪಗಾರದ ಅಳತೆಗೆ ಎಟಕುವಂಥದ್ದಲ್ಲ.

ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಹಳೆಯ ಮೆಥೊಟ್ರೆಕ್ಸೇಟನ್ನೇ ಮತ್ತೆ ಕೈಗೆತ್ತಿಕೊಂಡರು. ವಾರಕ್ಕೊಮ್ಮೆ ಅದರ ಸಣ್ಣ ಪ್ರಮಾಣ, ದಿನಕ್ಕೆರಡು ಸಲ ಸೆಲೆಕಾಕ್ಸಿಬ್ ಎಂಬ ನೋವಿನ ಗುಳಿಗೆ. ಮನೆಯಲ್ಲೇ ನುಂಗಬಹುದು, ಸಲೈನ್ ಏರಿಸಲು ಹಾಸಿಗೆ ಹಿಡಿಯಬೇಕಿಲ್ಲ. ಗುಣವಾಗುವ ಹಂತ ದಾಟಿದ 422 ರೋಗಿಗಳಲ್ಲಿ ಇದನ್ನು ಮೂರು ವಾರಕ್ಕೊಮ್ಮೆ ಕೊಡುವ ಸಿಸ್‌ಪ್ಲಾಟಿನ್ ಜೊತೆ ಹೋಲಿಸಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು: ಗುಳಿಗೆಯವರದು 7.5 ತಿಂಗಳು, ಸಲೈನಿನವರದು 6.1. ತೀವ್ರ ಅಡ್ಡಪರಿಣಾಮಗಳೂ ಗುಳಿಗೆಯಲ್ಲೇ ಕಡಿಮೆ.

ಹಾಗೆಂದು ಅಗ್ಗದ್ದು, ಹಗುರಾದದ್ದು ಯಾವಾಗಲೂ ಗೆಲ್ಲುವುದಿಲ್ಲ. ಗುಣಪಡಿಸುವ ಉದ್ದೇಶದಿಂದ ರೇಡಿಯೇಶನ್ ಜೊತೆ ಸಿಸ್‌ಪ್ಲಾಟಿನ್ ಕೊಡುವಾಗ ಏನಾಗುತ್ತದೆಂದು ಅದೇ ಆಸ್ಪತ್ರೆ ನೋಡಿತ್ತು. 2018ರ ಆ ವರದಿಯಲ್ಲಿ, ವಾರಕ್ಕೊಮ್ಮೆ 30 ಮಿಲಿಗ್ರಾಂನಂತೆ ಪಡೆದವರಲ್ಲಿ ಎರಡು ವರ್ಷದ ನಂತರ ರೋಗ ಹತೋಟಿಯಲ್ಲಿದ್ದದ್ದು ಶೇ. 58.5 ಮಂದಿಗೆ, ಮೂರು ವಾರಕ್ಕೊಮ್ಮೆ 100 ಮಿಲಿಗ್ರಾಂ ಪಡೆದವರಲ್ಲಿ ಶೇ. 73.1. ಎರಡೂ ಪ್ರಮಾಣ ದೇಹದ ಪ್ರತಿ ಚದರ ಮೀಟರಿಗೆ.

ನಂತರ ಇದೇ ತಂಡ, ಎರ್ಲೊಟಿನಿಬ್ ಸೇರಿಸಿದ ಗುಳಿಗೆಗಳ ಜೊತೆ ದುಬಾರಿ ನಿವೊಲುಮ್ಯಾಬ್‌ನ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿತು. ಒಂದು ವರ್ಷ ಬದುಕಿದವರ ಪಾಲು ಶೇ. 16.3ರಿಂದ 43.4ಕ್ಕೆ ಏರಿತು.

ಒಂದೂವರೆ ತಿಂಗಳು ಹೆಚ್ಚು ಅಂದರೆ ಏನು ಮಹಾ ಎನ್ನಬಹುದು. ದಿನಗೂಲಿಯವನಿಗೆ ಅದು ಆಸ್ಪತ್ರೆಯ ಸಾಲಿನಲ್ಲಿ ಕಳೆಯದೆ ಊರಲ್ಲಿ, ಮಕ್ಕಳ ನಡುವೆ ಕಳೆದ ಕಾಲ. ಹಾಗಾಗಿ ಕೇಳಿದವರಿಗೆ ನಾನು ಹೇಳುವುದಿಷ್ಟು: ಡಾಕ್ಟರರನ್ನು ಮೊದಲು ಕೇಳಿ, ಈ ಚಿಕಿತ್ಸೆ ಗುಣಪಡಿಸಲಿಕ್ಕೋ, ದಿನ ಹೆಚ್ಚಿಸಲಿಕ್ಕೋ? ಯಾವ ಕಿಮೋ ಎಂಬುದು ಆ ಉತ್ತರದ ಮೇಲೆ ನಿಂತಿದೆ.