ಪ್ಲಾಸ್ಟರ್ ಹಾಕಿದ ಕಾಲು, ಮೀನಖಂಡದ ರಕ್ತ: ಒಂದು ಹಳೇ ಕಥೆ

ಕಬಡ್ಡಿನೋ ಫುಟ್‌ಬಾಲೋ ಆಡೋವಾಗ ಹಿಂದಿಂದ ಯಾರೋ ಒದ್ದಂಗಾಗಿ, 'ಟಪ್' ಅಂತ ಸಪ್ಪಳ ಬಂದು, ತಿರುಗಿ ನೋಡಿದ್ರೆ ಯಾರೂ ಇರೋದಿಲ್ಲ. ಹಿಮ್ಮಡಿ ಮೇಲಿನ ದಪ್ಪ ನರ ಹರಿದಿರತೈತಿ. ಡಾಕ್ಟರು ಅದನ್ನ ಅಕಿಲಿಸ್ ಟೆಂಡನ್ ಅಂತಾರೆ. 1693ರಲ್ಲಿ ಫಿಲಿಪ್ ವೆರ್ಹೇಯನ್ ತನ್ನ ಅಂಗರಚನಾ ಪುಸ್ತಕದಲ್ಲಿ ಗ್ರೀಕ್ ವೀರನ ಹೆಸರನ್ನ ಅದಕ್ಕಿಟ್ಟ. ನಮ್ಮ ಕೃಷ್ಣನಿಗೂ ಜರಾ ಅನ್ನೋ ಬೇಡನ ಬಾಣ ತಾಗಿದ್ದು ಪಾದಕ್ಕೇ, ನೆನಪಿರಲಿ.

ಆದ್ರೆ ಇವತ್ತಿನ ಕಥೆ ನರದ್ದಲ್ಲ. ಹೊಲಿಗೆ ಹಾಕಿ, ಪ್ಲಾಸ್ಟರ್ ಕಟ್ಟಿ, ಮನೆಗೆ ಕಳಿಸಿದ ಮೇಲೆ ಏನಾಗಬಹುದು ಅನ್ನೋದು.

ನೀವು ನಡೆದಾಗಲೆಲ್ಲ ಮೀನಖಂಡ ಹಿಂಡಿ, ಕಾಲಿನ ರಕ್ತವನ್ನ ಮೇಲಕ್ಕೆ ತಳ್ಳತೈತಿ. ಅದೊಂದು ಪಂಪ್. ಪ್ಲಾಸ್ಟರಿನಲ್ಲಿ ಆ ಪಂಪ್ ಬಂದ್. ನಿಂತ ರಕ್ತ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು. ಆ ಗಡ್ಡೆ ಕಿತ್ತು ಪುಪ್ಪುಸಕ್ಕೆ ಹೋದರೆ ಉಸಿರೇ ನಿಲ್ಲಬಹುದು. ಪುಪ್ಪುಸದಲ್ಲಿ ಸಿಕ್ಕ ಗಡ್ಡೆ ಅಲ್ಲೇ ಹುಟ್ಟಿದ್ದಲ್ಲ, ಬೇರೆ ಕಡೆಯ ರಕ್ತನಾಳದಿಂದ ಹರಿದು ಬಂದದ್ದು ಅಂತ ತೋರಿಸಿದವನು ಜರ್ಮನಿಯ ರುಡಾಲ್ಫ್ ವಿರ್ಕೋ, 1840–50ರ ದಶಕದಲ್ಲಿ. ರಕ್ತ ನಿಲ್ಲೋದು, ನಾಳಕ್ಕೆ ಪೆಟ್ಟಾಗೋದು, ರಕ್ತವೇ ಬೇಗ ಹೆಪ್ಪುಗಟ್ಟೋ ಸ್ವಭಾವ: ಈ ಮೂರು ಕಾರಣಗಳಿಗೆ ಇವತ್ತಿಗೂ ಅವನ ಹೆಸರೇ. ಆಪರೇಷನ್ ಆದ ಕಾಲಿನಲ್ಲಿ ಮೂರೂ ಒಟ್ಟಿಗೆ ಬರಬಹುದು ನೋಡ್ರಿ.

ಬರೀ ಕೂತರೂ ಹಿಂಗಾಗತೈತಿ. 1940ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳ್ತಿದ್ದಾಗ ಜನ ಆಶ್ರಯತಾಣಗಳಲ್ಲಿ ಕುರ್ಚಿ ಮೇಲೆ ರಾತ್ರಿಯಿಡೀ ಕೂರುತ್ತಿದ್ದರು. ಬಾಂಬ್‌ನಿಂದ ಉಳಿದ ಕೆಲವರು ಈ ಗಡ್ಡೆಯಿಂದ ಸತ್ತರು. ಕೀತ್ ಸಿಂಪ್ಸನ್ ಅನ್ನೋ ವೈದ್ಯ ಅದನ್ನ ಬರೆದಿಟ್ಟ. 1947ರಲ್ಲಿ ರಿಚರ್ಡ್ ಆಶರ್ ಹಾಸಿಗೆ ಹಿಡಿಯೋದೇ ಅಪಾಯ ಅಂತ ಲೇಖನ ಬರೆದ. ನಮ್ಮಲ್ಲಿ ಇನ್ನೂ 'ಆಪರೇಷನ್ ಆಗೇತಿ, ಕಾಲು ಅಲ್ಲಾಡಿಸಬ್ಯಾಡ, ಸುಮ್ನ ಮಲ್ಕೋ' ಅನ್ನೋರೇ ಹೆಚ್ಚು. ಪ್ರೀತಿಯಿಂದಲೇ ಹೇಳ್ತಾರೆ, ಏನು ಮಾಡೋದು.

ಇನ್ನು ಔಷಧ. ಇದು ನಿಮ್ಮ ವಯಸ್ಸಿನವರಿಗೇ ಹೇಳಬೇಕಾದ ಭಾಗ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಇನ್ನೂ ಮೆಡಿಕಲ್ ವಿದ್ಯಾರ್ಥಿ. ಪ್ರೊಫೆಸರ್ ಹಾವೆಲ್ ಕೊಟ್ಟ ಕೆಲಸ, ರಕ್ತ ಹೆಪ್ಪುಗಟ್ಟಿಸೋ ಪದಾರ್ಥ ಹುಡುಕೋದು. ಇವನಿಗೆ ನಾಯಿಯ ಯಕೃತ್ತಿನಲ್ಲಿ ಸಿಕ್ಕಿದ್ದು ಉಲ್ಟಾ, ಹೆಪ್ಪುಗಟ್ಟದಂತೆ ತಡೆಯೋದು! ಹೆಪಾರಿನ್‌ನ ಕಥೆ ಶುರುವಾಗಿದ್ದು ಅಲ್ಲಿಂದ. ಆಮೇಲೆ ಕೆಟ್ಟ ಹುಲ್ಲು ತಿಂದು ರಕ್ತ ಸುರಿಸಿ ಸತ್ತ ದನಗಳಿಂದ ವಾರ್ಫರಿನ್ ಬಂತು. ಮೊದಲು ಅದು ಇಲಿ ಪಾಷಾಣ! ಆ ಕಥೆ ಇನ್ನೊಂದು ಪೋಸ್ಟಿಗೆ.

ಆಪರೇಷನ್‌ಗೆ ಮೊದಲೇ ಸಣ್ಣ ಪ್ರಮಾಣದ ಹೆಪಾರಿನ್ ಕೊಟ್ಟರೆ ಜೀವ ಉಳಿಯತೈತಾ? ಇದನ್ನ ದೊಡ್ಡದಾಗಿ ತೋರಿಸಿಕೊಟ್ಟವರು ಲಂಡನ್‌ನಲ್ಲಿದ್ದ ಭಾರತೀಯ ಮೂಲದ ಶಸ್ತ್ರವೈದ್ಯ ವಿಜಯ್ ವೀರ್ ಕಕ್ಕರ್. 1975ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 4,121 ರೋಗಿಗಳು. ಔಷಧವಿಲ್ಲದ ಗುಂಪಿನಲ್ಲಿ ಪುಪ್ಪುಸದ ಗಡ್ಡೆಗೆ 16 ಸಾವು, ಔಷಧ ಪಡೆದವರಲ್ಲಿ 2.

ಹಂಗಾದ್ರೆ ಎಲ್ಲರಿಗೂ ಇಂಜೆಕ್ಷನ್ ಕೊಟ್ಟುಬಿಡ್ರಿ ಅಂತೀರಾ? ಅಷ್ಟು ಸರಳ ಇಲ್ಲ. 2009ರ ಸ್ವೀಡನ್ ಅಧ್ಯಯನದಲ್ಲಿ ಹಿಮ್ಮಡಿ ನರ ಹರಿದವರನ್ನ ಸ್ಕ್ಯಾನ್ ಮಾಡಿ ನೋಡಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಕಾಲಿನಲ್ಲಿ ಗಡ್ಡೆ ಇತ್ತು, ಬಹಳಷ್ಟು ಜನರಿಗೆ ಅದರ ಸುಳಿವೇ ಇರಲಿಲ್ಲ. ಇನ್ನೊಂದು ಕಡೆ, 2017ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಪರೀಕ್ಷೆ, ಮೊಣಕಾಲ ಕೆಳಗೆ ಪ್ಲಾಸ್ಟರ್ ಹಾಕಿಸಿಕೊಂಡ ಎಲ್ಲಾ ತರದವರ ಮೇಲೆ. ತೊಂದರೆ ಕೊಡೋ ಗಡ್ಡೆ ಇಂಜೆಕ್ಷನ್ ಪಡೆದವರಲ್ಲಿ ಶೇ. 1.4, ಪಡೆಯದವರಲ್ಲಿ ಶೇ. 1.8. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಔಷಧದಿಂದ ರಕ್ತಸ್ರಾವದ ಅಪಾಯವೂ ಇದ್ದೇ ಇದೆ. ಅದಕ್ಕೇ ಡಾಕ್ಟರು ಒಬ್ಬೊಬ್ಬರನ್ನೂ ತೂಗಿ ನೋಡಬೇಕಾಗತೈತಿ. ಮನೆಯಲ್ಲಿ ಯಾರಿಗಾದ್ರೂ ಹಿಂದೆ ಗಡ್ಡೆ ಆಗಿತ್ತಾ, ಗರ್ಭನಿರೋಧಕ ಮಾತ್ರೆ ತಗೋತಿದ್ದೀರಾ, ಅವರು ಕೇಳದಿದ್ರೂ ನೀವೇ ಹೇಳ್ರಿ. ನಾಚಿಕೆ ಬೇಡ.

ಈಗ ನಮ್ಮೂರಿನ ಮಾತು. ಖಾನಾಪುರದಿಂದ ಬೆಳಗಾವಿ ಹತ್ತಿರವೇ, ಆದ್ರೆ ಕಣಕುಂಬಿ, ಜಾಂಬೋಟಿ ಕಡೆಯ ಹುಡುಗ ಪ್ಲಾಸ್ಟರ್ ಕಾಲು ಇಟ್ಟುಕೊಂಡು ಕಾಡಿನ ದಾರಿಯಲ್ಲಿ ಬರಬೇಕಲ್ಲ. ಅದಕ್ಕೇ 'ಮುಂದಿನ ಚೆಕಪ್‌ಗೆ ತೋರಿಸಿದ್ರಾಯ್ತು' ಅಂತ ಮುಂದೂಡೋದು. ಮೀನಖಂಡ ಬಿಗಿದು ನೋಯ್ತಿದ್ರೆ, ಬಾವು ಬಂದು ಬಿಸಿಯಾದ್ರೆ ಎಣ್ಣೆ ಹಚ್ಚಿ ತಿಕ್ಕೋದು ನಮ್ಮ ಮನೆಮನೆಯ ರೂಢಿ. ಇಲ್ಲಿ ಮಾತ್ರ ಬೇಡವೇ ಬೇಡ, ತಿಕ್ಕಿದ್ರೆ ಗಡ್ಡೆ ಕಿತ್ತು ಹೊರಡಬಹುದು. ಅವತ್ತೇ ಹೋಗಿ ಡಾಪ್ಲರ್ ಸ್ಕ್ಯಾನ್ ಬೇಕಾ ಅಂತ ಕೇಳ್ರಿ. ಏಕಾಏಕಿ ದಮ್ಮು ಹತ್ತಿದ್ರೆ, ಉಸಿರೆಳೆದಾಗ ಎದೆ ಚುಚ್ಚಿದ್ರೆ, ಕೆಮ್ಮಿನಲ್ಲಿ ರಕ್ತ ಬಂದ್ರೆ ಬಸ್ಸಿಗೆ ಕಾಯಬೇಡ್ರಿ. 108ಕ್ಕೆ ಫೋನ್ ಮಾಡ್ರಿ.

#ಬೆಳಗಾವಿ #ಖಾನಾಪುರ #ಇತಿಹಾಸದಕಥೆ