ಬಾಸುಂದಿಯ ಮೇಲಿನ ಚಾರೋಳಿ

ಗುಜರಾತಿಗೆ ಬಂದ ಉತ್ತರ ಕರ್ನಾಟಕದವರು ಬೇಗ ಗುರುತು ಹಿಡಿಯುವ ರುಚಿಗಳಲ್ಲಿ ಬಾಸುಂದಿ ಒಂದು. ಅದರ ಮೇಲೆ ತೇಲುವ, ತೊಗರಿಕಾಳಿನಷ್ಟು ಸಣ್ಣ ಚಾರೋಳಿಯೂ ನಮಗೆ ಹೊಸದಲ್ಲ. ಅಹಮದಾಬಾದಿನ ಅಂಗಡಿಯಲ್ಲಿ ಅದು ಬಾದಾಮಿ, ಪಿಸ್ತಾಗಳ ಸಾಲಿನಲ್ಲೇ ಕೂತಿರುತ್ತದೆ. ಆದರೆ ಬಾದಾಮಿಗೆ ತೋಟವಿದೆ, ಚಾರೋಳಿ ಬಹುಪಾಲು ಇಂದಿಗೂ ಕಾಡುಮರದ್ದು. ಸೂರತ್ತಿನ ಆಗ್ನೇಯಕ್ಕಿರುವ ಡಾಂಗ್ ಕಾಡಿನಲ್ಲಿ ಈ ಮರವಿದೆ. ನಮ್ಮ ಕಡೆಯ ಎಲೆಯುದುರುವ ಕಾಡುಗಳಲ್ಲೂ ಇದೆ, ಕೆಲವೆಡೆ ಅದನ್ನು ನುರ್ಕಲು ಎನ್ನುತ್ತಾರೆ.

ಮರಕ್ಕೆ ಹೆಸರುಗಳೇನೂ ಕಡಿಮೆಯಿಲ್ಲ. ಸಂಸ್ಕೃತದಲ್ಲಿ ಪ್ರಿಯಾಲ. ಕಾಳಿದಾಸನ ‘ಕುಮಾರಸಂಭವ’ದಲ್ಲಿ ಇದರ ಹೂವಿನ ಪರಾಗ ಜಿಂಕೆಗಳ ಕಣ್ಣಿಗೆ ಬೀಳುತ್ತದೆ. ಸಸ್ಯಶಾಸ್ತ್ರದಲ್ಲಿ ಬುಕನಾನಿಯ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ಊರೂರಿನ ಬೆಳೆ, ಕಸುಬುಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕನಾನ್‌ನ ಹೆಸರೇ ಅದು. ಕಾಯಿ ಹೆಕ್ಕಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಕೆಲಸವೇನೋ ಅವರದೇ. ಬೇಸಿಗೆಯಲ್ಲಿ, ಮನೆಯ ಕಾಳು ಮುಗಿಯುತ್ತ ಬಂದ ಹೊತ್ತಿನಲ್ಲಿ, ಕಾಯಿ ಕಪ್ಪಾಗಿ ಹಣ್ಣಾಗುತ್ತದೆ. ಹಣ್ಣನ್ನು ನೆನೆಸಿ, ಉಜ್ಜಿ ಸಿಪ್ಪೆ ತೆಗೆದು, ಬೀಜವನ್ನು ಬಿಸಿಲಿಗೆ ಒಣಗಿಸಬೇಕು. ಬೀಜದ ಕರಟ ಕಲ್ಲಿನಷ್ಟು ಗಟ್ಟಿ. ಅದನ್ನು ಬೀಸುಕಲ್ಲಿನಲ್ಲಿ ಒಡೆದು ತಿರುಳು ಪುಡಿಯಾಗದಂತೆ ಬಿಡಿಸಬೇಕು. ಬೆಲೆ ಏರುವುದು ಈ ಹಂತದಲ್ಲಿ. ಕರಟ ಒಡೆಯದೆ ಮಾರಿದವರಿಗೆ ಆ ಏರಿಕೆ ದಕ್ಕುವುದಿಲ್ಲ. ಮಧ್ಯ ಭಾರತದ ಬಸ್ತರ್ ಸಂತೆಗಳಲ್ಲಿ ಚಾರೋಳಿ ಕೊಟ್ಟು ಉಪ್ಪು ಪಡೆಯುತ್ತಿದ್ದ ಕಾಲವೂ ಇತ್ತು.

ಡಾಂಗ್ ಕಾಡನ್ನು ಬ್ರಿಟಿಷರು ಭಿಲ್ ರಾಜರಿಂದ ಗುತ್ತಿಗೆ ಪಡೆದದ್ದು 1842ರಲ್ಲಿ. ಅವರ ಕಣ್ಣಿದ್ದದ್ದು ಸಾಗುವಾನಿಯ ಮೇಲೆ. ಆ ರಾಜರ ವಂಶಸ್ಥರಿಗೆ ಹೋಳಿಯ ಹೊತ್ತಿಗೆ ಆಹ್ವಾದ ಡಾಂಗ್ ದರ್ಬಾರಿನಲ್ಲಿ ಇಂದಿಗೂ ವರ್ಷಾಶನ ಸಲ್ಲುತ್ತದೆ. ಹೆಕ್ಕುವವರ ಕಥೆ ಬೇರೆ. 1878ರ ಅರಣ್ಯ ಕಾಯ್ದೆಯ ನಂತರ ಬ್ರಿಟಿಷ್ ಭಾರತದ ಮೀಸಲು ಕಾಡುಗಳಲ್ಲಿ ಹೆಕ್ಕುವುದು ಹಕ್ಕಾಗಿ ಉಳಿಯದೆ ಸರ್ಕಾರದ ರಿಯಾಯಿತಿಯಾಯಿತು. ಅದು ಮತ್ತೆ ಹಕ್ಕಾಗಲು 2006ರ ಅರಣ್ಯ ಹಕ್ಕು ಕಾಯ್ದೆಯೇ ಬರಬೇಕಾಯಿತು. ಕೇಂದ್ರ ಸರ್ಕಾರ 2013ರಲ್ಲಿ ಕಿರು ಅರಣ್ಯ ಉತ್ಪನ್ನಗಳಿಗೆ ಬೆಂಬಲ ಬೆಲೆಯ ಯೋಜನೆ ತಂದಾಗ ಚಾರೋಳಿಯೂ ಪಟ್ಟಿ ಸೇರಿತು.

ಆದರೂ ಹಳೆಯ ನಷ್ಟ ಮರದ ಮೇಲೆ ಕಾಣುತ್ತದೆ. ಮರ ಯಾರದೂ ಅಲ್ಲ ಎಂದಾದ ಕಡೆ ಹಣ್ಣಾಗುವವರೆಗೆ ಕಾಯುವವರಿಲ್ಲ. ಇಂದು ಬಿಟ್ಟ ಕಾಯಿ ನಾಳೆ ಇನ್ನೊಬ್ಬರ ಬುಟ್ಟಿಯಲ್ಲಿ. ಹಾಗಾಗಿ ಎಳೆಗಾಯಿಯನ್ನೇ ಕೊಂಬೆಸಮೇತ ಕಡಿಯುತ್ತಾರೆ. ತಿರುಳು ತುಂಬಿರುವುದಿಲ್ಲ, ಬೆಲೆ ಸಿಗುವುದಿಲ್ಲ, ಮುಂದಿನ ವರ್ಷಕ್ಕೆ ಕೊಂಬೆಯೂ ಇರುವುದಿಲ್ಲ. ಇದನ್ನು ದುರಾಸೆ ಎನ್ನುವುದು ಸುಲಭ. ನೂರು ವರ್ಷಕ್ಕೂ ಹೆಚ್ಚು ಕಾಲ ‘ಇದು ನಿಮ್ಮದಲ್ಲ’ ಎಂದು ಕೇಳಿಸಿಕೊಂಡವರಿಗೆ ಕಾಯುವ ಧೈರ್ಯ ಒಂದೇ ಕಾಯ್ದೆಯಿಂದ ಬರುವುದಿಲ್ಲ. ಹಳ್ಳಿಯೇ ಕೂತು ಕೊಯ್ಲಿನ ದಿನ ನಿಗದಿ ಮಾಡಿ, ಕರಟವನ್ನೂ ಅಲ್ಲೇ ಒಡೆಯುವಂತಾದರೆ ಬಂದೀತು.